ಯಾರ ಮನಿಗೆ ಬಂದೀರಿ? ಪರದೇಶದಲ್ಲಿ ಮಿಷನರಿಯ ಮೊದಲ ದಿನ

ಬಳ್ಳಾರಿಯ ಕೌಲ್ ಬಜಾರದ ಕಡೆ ನನ್ನದೊಂದು ಸಣ್ಣ ಅಂಗಡಿ. ಜೆರಾಕ್ಸ್, ಲ್ಯಾಮಿನೇಶನ್, ಆನ್‌ಲೈನ್ ಅರ್ಜಿ. ಪಹಣಿಯಿಂದ ಹಿಡಿದು ಪಾಸ್‌ಪೋರ್ಟ್‌ವರೆಗೆ ಏನೇ ಇದ್ದರೂ ಜನ ಇಲ್ಲಿಗೇ ಬರುತ್ತಾರೆ. ಗಲ್ಫಿಗೆ ಹೋಗುವ ಡ್ರೈವರು, ವೆಲ್ಡರು, ಹೊರದೇಶದ ಆಸ್ಪತ್ರೆಗೆ ಹೋಗುವ ನರ್ಸಮ್ಮಂದಿರು, ಇವರ ದಾರಿಯೆಲ್ಲ ನಮ್ಮ ಓಣಿಗೆ ಬಾಯಿಪಾಠ. ಆದರೆ ಹೋದ ತಿಂಗಳು ಇಪ್ಪತ್ತಾರು ವರ್ಷದ ಹುಡುಗನೊಬ್ಬ ಕೆನ್ಯಾಕ್ಕೆ ಹೊರಟ. ನೌಕರಿಗಲ್ಲ, ಓದುವುದಕ್ಕೂ ಅಲ್ಲ, ಮಿಷನರಿಯಾಗಿ. ಅವನು ಹೊರಡುವ ಮುಂಚಿನ ಎರಡು ವಾರ ನನ್ನ ಅಂಗಡಿಯ ಮುಂದೆ ಬರೇ ಅದೇ ಮಾತು. ಅಲ್ಲಿ ಅವನಿಗೆ ಪಗಾರ ಯಾರು ಕೊಡ್ತಾರೆ? ವಿಮಾನ ಇಳಿದ ಕೂಡಲೇ ಪ್ರವಚನ ಶುರು ಮಾಡ್ತಾನೇನು? ವೀಸಾ ಹೇಗೆ ಕೊಟ್ಟರು?

ಅವನ ತಾಯಿ ಒಂದು ಮಧ್ಯಾಹ್ನ ಆಧಾರ್ ಜೆರಾಕ್ಸಿಗೆ ಬಂದವರು ಸ್ಟೂಲಿನ ಮೇಲೆ ಕೂತು ಒಂದೇ ಪ್ರಶ್ನೆ ಕೇಳಿದರು: "ಅಲ್ಲಿ ಇಳಿದ ಮ್ಯಾಲೆ ಇವ ಯಾರ ಮನಿಗೆ ಹೋಗ್ತಾನಣ್ಣ?"

ತಾಯಿಯ ಕಳವಳ ಅಂದುಕೊಂಡು ಸಮಾಧಾನ ಹೇಳಿ ಕಳಿಸಿದೆ. ಆಮೇಲೆ ಅವನ ಕಾಗದಗಳನ್ನು ಒಂದೊಂದಾಗಿ ಸ್ಕ್ಯಾನ್ ಮಾಡುತ್ತ ಹೋದ ಹಾಗೆ, ಇಡೀ ಜಗತ್ತಿನ ವಲಸೆ ಇಲಾಖೆಗಳು ಕೇಳುವುದೂ ಇದನ್ನೇ ಅಂತ ಹೊಳೆಯಿತು. ನಮ್ಮ ಹಳ್ಳಿಗಳಲ್ಲಿ ಗುರುತಿಲ್ಲದವನೊಬ್ಬ ಬಸ್ಸಿಳಿದರೆ ಕಟ್ಟೆಯ ಮೇಲೆ ಕೂತವರು ಏನು ಕೇಳುತ್ತಾರೆ? "ಯಾವೂರಾಯ್ತು? ಯಾರ ಮನಿಗೆ ಬಂದೀರಿ?" ಒಂದು ಮನೆಯ ಹೆಸರು ಹೇಳಿದರೆ ಸಾಕು, ಸಣ್ಣ ಹುಡುಗನೊಬ್ಬ ಅಲ್ಲಿಯತನಕ ಬಿಟ್ಟು ಬರುತ್ತಾನೆ. ಹೇಳದಿದ್ದರೆ ಊರಿನ ಕಣ್ಣೆಲ್ಲ ಅವನ ಬೆನ್ನ ಮೇಲೆ. ದೇಶಗಳು ಇದನ್ನೇ ಅರ್ಜಿ, ಮುದ್ರೆ, ಬೆರಳಚ್ಚಿನ ಮೂಲಕ ಕೇಳುತ್ತವೆ, ಅಷ್ಟೇ ವ್ಯತ್ಯಾಸ.

ಕಳಿಸಿಕೊಟ್ಟವ

ಮೊದಲು ಹೆಸರಿನ ಗೊಂದಲ ಬಗೆಹರಿಸೋಣ. ಲ್ಯಾಟಿನ್ ಭಾಷೆಯಲ್ಲಿ 'ಮಿಸ್ಸಿಯೋ' ಅಂದರೆ ಕಳಿಸುವುದು. ಮಿಷನ್, ಮಿಷನರಿ ಎರಡೂ ಅಲ್ಲಿಂದಲೇ ಬಂದವು. ಅಂದರೆ ಮಿಷನರಿ ಎಂಬ ಮಾತಿನಲ್ಲೇ ಇನ್ನೊಬ್ಬರು ಅಡಗಿದ್ದಾರೆ, ಅವನನ್ನು ಕಳಿಸಿದವರು. ತಾನಾಗಿ ದೇಶ ಸುತ್ತುವವನು ಯಾತ್ರಿಕ. ಒಂದು ಸಂಸ್ಥೆ ಕಳಿಸಿ, ಇನ್ನೊಂದು ಊರಿನ ಸಂಸ್ಥೆ ಬರಮಾಡಿಕೊಂಡರೆ ಅವನು ಮಿಷನರಿ.

ಮಾಡುವ ಕೆಲಸ ಪ್ರವಚನವೇ ಆಗಬೇಕೆಂದಿಲ್ಲ. ಶಾಲೆಯ ಮಾಸ್ತರ, ಆಸ್ಪತ್ರೆಯ ನರ್ಸು, ಹಾಸ್ಟೆಲ್ ವಾರ್ಡನ್, ಬೋರ್‌ವೆಲ್ ಹಾಕಿಸುವ ಯೋಜನೆಯ ಲೆಕ್ಕಪತ್ರ ನೋಡುವವ, ಇವರೆಲ್ಲ ಮಿಷನರಿಗಳೇ ಆಗಿರಬಹುದು. ಕ್ಯಾಥೊಲಿಕ್ ಸಭೆಗಳಲ್ಲಿ, ಅಂದರೆ ಧಾರ್ಮಿಕ ಸಂಸ್ಥೆಗಳಲ್ಲಿ, ಫಾದರ್, ಬ್ರದರ್, ಸಿಸ್ಟರ್ ಅಂತ ಇರುತ್ತಾರೆ. ಬಡತನ, ಬ್ರಹ್ಮಚರ್ಯ, ವಿಧೇಯತೆ ಎಂಬ ಮೂರು ವ್ರತ ತೊಟ್ಟವರಿಗೆ ಸ್ವಂತ ಪಗಾರ ಇರುವುದಿಲ್ಲ, ಊಟ, ವಸತಿ, ಔಷಧ ಎಲ್ಲ ಸಭೆಯದು. ಬಳ್ಳಾರಿ, ಕೊಪ್ಪಳ, ರಾಯಚೂರು ಭಾಗಕ್ಕೆ 1949ರಲ್ಲಿ ಆದ ಬಳ್ಳಾರಿ ಧರ್ಮಪ್ರಾಂತ್ಯ, ಅಂದರೆ ಒಬ್ಬ ಬಿಷಪ್ಪರ ಆಡಳಿತದ ವ್ಯಾಪ್ತಿ, ಇದೆ. ಪ್ರಾಟೆಸ್ಟಂಟ್ ಸಭೆಗಳಲ್ಲಿ ಮದುವೆಯಾದವರು, ಹೆಂಡತಿ ಮಕ್ಕಳ ಸಮೇತ ಹೋಗುವವರೂ ಉಂಟು, ಅವರ ಖರ್ಚನ್ನು ಊರಿನ ಸಭೆಯೋ ದಾನಿಗಳೋ ಹೊರುತ್ತಾರೆ.

ಇದು ಒಂದೇ ಧರ್ಮದ ಸ್ವತ್ತೂ ಅಲ್ಲ. ಸಿಂಹಳದ ಬೌದ್ಧ ಗ್ರಂಥ ಮಹಾವಂಸ, ಅಶೋಕನ ಕಾಲದಲ್ಲಿ ಮಹಾದೇವ ಎಂಬ ಭಿಕ್ಷುವನ್ನು ಮಹಿಷಮಂಡಲಕ್ಕೂ ರಕ್ಖಿತ ಎಂಬವನನ್ನು ವನವಾಸಕ್ಕೂ ಕಳಿಸಿದರು ಅನ್ನುತ್ತದೆ. ಆ ವನವಾಸವೇ ನಮ್ಮ ಬನವಾಸಿ ಅಂತ ವಿದ್ವಾಂಸರು ಗುರುತಿಸುತ್ತಾರೆ. ಕೊಪ್ಪಳದ ಗವಿಮಠದ ಗುಡ್ಡಕ್ಕೂ ಪಾಲ್ಕಿಗುಂಡಿಗೂ ಹೋದವರು ಬಂಡೆಯ ಮೇಲಿನ ಅಶೋಕನ ಶಾಸನದ ಬ್ರಾಹ್ಮಿ ಅಕ್ಷರ ನೋಡಿರುತ್ತೀರಿ. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಸಿಕ್ಕ ಶಾಸನದಲ್ಲಂತೂ 'ಅಶೋಕ' ಎಂಬ ಹೆಸರೇ ಇತ್ತು, ಅದುವರೆಗೆ ಶಾಸನಗಳಲ್ಲಿ ಬರುವ 'ದೇವಾನಾಂಪ್ರಿಯ' ಎಂಬ ಬಿರುದಿನ ರಾಜ ಯಾರು ಎಂಬುದು ತರ್ಕದಲ್ಲೇ ನಿಂತಿತ್ತು. ಆ ಶಾಸನಗಳ ಭಾಷೆ ಪ್ರಾಕೃತ. ಅದನ್ನು ನಮ್ಮವರಿಗೆ ಯಾರೋ ಓದಿ, ಅರ್ಥ ಬಿಡಿಸಿ ಹೇಳಬೇಕಾಗಿತ್ತು. ದೂರದಿಂದ ಬಂದ ಧರ್ಮದ ಮಾತು, ಗೊತ್ತಿಲ್ಲದ ಭಾಷೆ: ನಮ್ಮ ಸೀಮೆಗೆ ಇದು ಹಳೆಯ ಅನುಭವ.

ಮೂರು ಕಾಗದ, ಮೂರು ಅರ್ಥ

ನನ್ನ ಅಂಗಡಿಯಲ್ಲಿ ಅತಿ ಹೆಚ್ಚು ಕಲಸುಮೇಲೋಗರವಾಗುವುದು ಇಲ್ಲಿ. ಪಾಸ್‌ಪೋರ್ಟ್ ಆಯಿತು ಅಂದರೆ ಹೋದ ಹಾಗೇ ಅಂತ ಕೆಲವರು, ವೀಸಾ ಬಂತು ಅಂದರೆ ಒಳಗೆ ಬಿಟ್ಟ ಹಾಗೇ ಅಂತ ಇನ್ನು ಕೆಲವರು. ಎರಡೂ ತಪ್ಪು.

ಮದುವೆಗೆ ಹೋಗುವ ಲೆಕ್ಕದಲ್ಲಿ ಹೇಳುತ್ತೇನೆ. ಪಾಸ್‌ಪೋರ್ಟ್ ನಿಮ್ಮ ಮನೆಯವರು ಕೊಟ್ಟ ಚೀಟಿ: "ಇವ ನಮ್ಮವ, ಇಂಥ ಹೆಸರು, ಇಂಥ ಊರು." ಅದನ್ನು ಕೊಡುವುದು ಭಾರತ ಸರ್ಕಾರ. ವೀಸಾ ಎದುರು ಮನೆಯವರು ಕಳಿಸಿದ ಲಗ್ನಪತ್ರಿಕೆ. ಅದಿದ್ದರೆ ಬಾಗಿಲತನಕ ಹೋಗಬಹುದು. ಬಾಗಿಲಲ್ಲಿ ನಿಂತ ಹಿರಿಯರು ಮುಖ ನೋಡಿ, ಒಂದೆರಡು ಮಾತು ಕೇಳಿ "ಬರ್ರಿ" ಅಂದಾಗಲೇ ಒಳಗೆ ಹೋಗುವುದು. ಆ ಹಿರಿಯರೇ ವಿಮಾನ ನಿಲ್ದಾಣದ ವಲಸೆ ಅಧಿಕಾರಿ. ವೀಸಾ ಇದ್ದವನನ್ನೂ ಹಿಂದಕ್ಕೆ ಕಳಿಸುವ ಅಧಿಕಾರ ಅವರಿಗೆ ಹೆಚ್ಚುಕಡಿಮೆ ಎಲ್ಲ ದೇಶಗಳಲ್ಲೂ ಇದೆ. ಮೂರನೆಯದು ವಾಸದ ಅಥವಾ ಕೆಲಸದ ಪರವಾನಗಿ. ಮದುವೆ ಮುಗಿದ ಮೇಲೂ ಅಲ್ಲೇ ನೆಲೆಸಬೇಕಾದವನಿಗೆ ರೇಷನ್ ಕಾರ್ಡಿನಲ್ಲಿ ಹೆಸರು ಸೇರಿಸಿದ ಹಾಗೆ ಅದು.

ಮಿಷನರಿಯ ವಿಷಯದಲ್ಲಿ ಈ ಮೂರನೆಯದೇ ಮುಖ್ಯ. ಪ್ರವಾಸಿ ವೀಸಾದಲ್ಲಿ ಹೋಗಿ ಧರ್ಮಬೋಧನೆಗೆ ಕೂರುವುದು ಬಹಳ ದೇಶಗಳಲ್ಲಿ ವೀಸಾದ ಷರತ್ತು ಮುರಿದ ಹಾಗೆ. ನೋಡಲು ಬಂದೆ ಅಂತ ಬರೆಸಿ ಬೇರೆ ಕೆಲಸ ಮಾಡಿದ ಲೆಕ್ಕ. ಅದಕ್ಕೇ ಬೇರೆ ಬಾಗಿಲು ಇಟ್ಟಿದ್ದಾರೆ. ಅಮೆರಿಕದಲ್ಲಿ ಧಾರ್ಮಿಕ ಕೆಲಸದವರಿಗೆ ಆರ್-1 ಎಂಬ ವೀಸಾ. ಅಲ್ಲಿನ ಸಂಸ್ಥೆಯೇ ಮೊದಲು ಅರ್ಜಿ ಹಾಕಬೇಕು, ಹೋಗುವವನು ಕನಿಷ್ಠ ಎರಡು ವರ್ಷದಿಂದ ಆ ಪಂಗಡದ ಸದಸ್ಯನಾಗಿರಬೇಕು, ಮೊದಲ ಸಲಕ್ಕೆ ಸಿಗುವುದು ಹೆಚ್ಚೆಂದರೆ 30 ತಿಂಗಳು, ಒಟ್ಟು ಮಿತಿ 5 ವರ್ಷ. ಬ್ರಿಟನ್ನಿನಲ್ಲಿ 'ಮಿನಿಸ್ಟರ್ ಆಫ್ ರಿಲಿಜನ್' ಅಂತಲೇ ಒಂದು ವೀಸಾ ಇದೆ, ಅದಕ್ಕೆ ಇಂಗ್ಲಿಷ್ ಪರೀಕ್ಷೆಯ ಕಟ್ಟುಪಾಡೂ ಉಂಟು. ನಮ್ಮ ಹುಡುಗ ಹೋದ ಕೆನ್ಯಾದಲ್ಲಿ 2024ರ ಜನವರಿಯಿಂದ ಸಾಮಾನ್ಯ ಪ್ರವಾಸಿಗರಿಗೆ ವೀಸಾದ ಬದಲು ಇಟಿಎ ಎಂಬ ಆನ್‌ಲೈನ್ ಅನುಮತಿ ಬಂದಿದೆ. ವರ್ಷಗಟ್ಟಲೆ ಇರಬೇಕಾದ ಮಿಷನರಿಗೆ ಅದು ಸಾಲದು. ಧಾರ್ಮಿಕ ಮತ್ತು ಧರ್ಮಾರ್ಥ ಕೆಲಸಕ್ಕೆಂದೇ ಬೇರೆ ದರ್ಜೆಯ ಪರವಾನಗಿ ಬೇಕು.

ಆ ಪರವಾನಗಿಗೆ ಅರ್ಜಿ ಹಾಕಿದ್ದು ಹುಡುಗ ಅಲ್ಲ, ನೈರೋಬಿಯಲ್ಲಿದ್ದ ಅವನ ಸಭೆ. "ಇವ ನಮ್ಮ ಮನಿಗೇ ಬರೋದು, ಇವನ ಊಟ, ವಸತಿ, ನಡತೆ ನಮ್ಮ ಜವಾಬ್ದಾರಿ" ಅಂತ ಅವರು ಬರೆದುಕೊಟ್ಟ ಮೇಲೇ ಕಡತ ಮುಂದೆ ಹೋಗಿದ್ದು. ತಾಯಿಯ ಪ್ರಶ್ನೆಗೆ ಉತ್ತರ ಆ ಕಾಗದದಲ್ಲೇ ಇತ್ತು. ನಾನೇ ನಾಲ್ಕು ಸಲ ಜೆರಾಕ್ಸ್ ಮಾಡಿದ್ದೆ, ಓದಿರಲಿಲ್ಲ.

ಹಳದಿ ಪುಸ್ತಕ

ಆಫ್ರಿಕಾದ, ದಕ್ಷಿಣ ಅಮೆರಿಕದ ಕೆಲವು ದೇಶಗಳಿಗೆ ಹೋಗುವವರು ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡು ಹಳದಿ ಬಣ್ಣದ ಸಣ್ಣ ಪುಸ್ತಕ ಹಿಡಿದುಕೊಂಡಿರಬೇಕು. ಜಿಲ್ಲಾಸ್ಪತ್ರೆಗೆ ಹೋಗಿ ಕೇಳಿದ ತಕ್ಷಣ ಸಿಗುವ ಲಸಿಕೆಯಲ್ಲ ಇದು. ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ ಕೊಡುತ್ತಾರೆ. ಚುಚ್ಚಿಸಿಕೊಂಡ ಹತ್ತು ದಿನದ ನಂತರವೇ ಪ್ರಮಾಣಪತ್ರಕ್ಕೆ ಬೆಲೆ. ಹಿಂದೆ ಹತ್ತು ವರ್ಷಕ್ಕೊಮ್ಮೆ ಮತ್ತೆ ಹಾಕಿಸಬೇಕಿತ್ತು, 2016ರ ಜುಲೈಯಿಂದ ಒಂದೇ ಸಲದ್ದು ಜೀವಮಾನಕ್ಕೆ ಸಾಕು ಅಂತಾಗಿದೆ. ತಮಾಷೆಯೆಂದರೆ ಅಲ್ಲಿ ಇಳಿಯುವಾಗ ಇದನ್ನು ಕೇಳಲಿ ಬಿಡಲಿ, ಅಲ್ಲಿಂದ ನಮ್ಮ ದೇಶಕ್ಕೆ ಮರಳುವಾಗ ಕೇಳಿಯೇ ಕೇಳುತ್ತಾರೆ. ಇಲ್ಲದಿದ್ದರೆ ಆರು ದಿನದವರೆಗೆ ಪ್ರತ್ಯೇಕ ಇರಿಸುವ ನಿಯಮ ಉಂಟು. ನಮ್ಮಲ್ಲಿ ಆ ರೋಗ ಇಲ್ಲ, ಆದರೆ ಅದನ್ನು ಹರಡುವ ಸೊಳ್ಳೆ ಬೇಕಾದಷ್ಟಿದೆ. ಡೆಂಗಿ ತರುವುದೂ ಅದೇ ಸೊಳ್ಳೆ.

ಮೊದಲ ಎರಡು ತಾಸು

ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ಬೆಂಗಳೂರು, ಅಲ್ಲಿಂದ ಮುಂಬೈ, ಮುಂಬೈಯಿಂದ ನೈರೋಬಿಗೆ ಸುಮಾರು ಆರು ತಾಸು. ಅವನ ಪ್ರಯಾಣದಲ್ಲಿ ಹೇಳುವಂಥದ್ದು ಇಷ್ಟೇ. ಇಳಿದ ಮೇಲಿನದು ಹೇಳಬೇಕು.

ಮೊದಲು ಸಿಗುವುದು ವಲಸೆ ಸಾಲು. ಗಾಜಿನ ಆಚೆ ಕೂತವರು ಪಾಸ್‌ಪೋರ್ಟ್ ಯಂತ್ರಕ್ಕೆ ಹಿಡಿಯುತ್ತಾರೆ, ಬೆರಳಚ್ಚು, ಫೋಟೋ ತೆಗೆಯುತ್ತಾರೆ. ಕೇಳುವ ಪ್ರಶ್ನೆಗಳು ನಾಲ್ಕೈದು: ಯಾಕೆ ಬಂದಿರಿ, ಎಷ್ಟು ದಿನ, ಎಲ್ಲಿ ಇರುತ್ತೀರಿ, ಯಾರು ಕರೆಸಿದರು. ಇಲ್ಲಿ ಹೊಸಬರು ಮಾಡುವ ತಪ್ಪೆಂದರೆ ಅತಿ ಮಾತು. ಧರ್ಮ, ಸೇವೆ, ದೇವರ ಕರೆ ಅಂತೆಲ್ಲ ಶುರು ಮಾಡಿದರೆ ಹಿಂದಿನವರಿಗೆ ತಡವಾಗುತ್ತದೆಯೇ ಹೊರತು ಬೇರೇನೂ ಇಲ್ಲ. ಅಧಿಕಾರಿಗೆ ಬೇಕಾದದ್ದು ಬಾಯಲ್ಲಿ ಹೇಳಿದ್ದಕ್ಕೂ ಕಾಗದದಲ್ಲಿ ಇದ್ದದ್ದಕ್ಕೂ ತಾಳೆ. ಕಾಗದದಲ್ಲಿ ಶಾಲೆ ಅಂತಿದ್ದು ಬಾಯಲ್ಲಿ ಚರ್ಚ್ ಅಂತ ಬಂದರೆ ಪಕ್ಕದ ಕೋಣೆಗೆ ಕರೆಯುತ್ತಾರೆ. ಅದು ಬಂಧನವಲ್ಲ, ಇನ್ನೊಂದು ಸಲ ವಿಚಾರಿಸುವ ಜಾಗ. ಮೊದಲ ಸಲ ಹೋದವನಿಗೆ ಮಾತ್ರ ಆ ಹತ್ತು ಹೆಜ್ಜೆಯಲ್ಲೇ ಬೆವರು ಇಳಿಯುತ್ತದೆ.

ಮುದ್ರೆ ಬಿದ್ದರೆ ಸಾಲದು, ಅದರಲ್ಲಿ ಬರೆದ ದಿನಾಂಕ ಅಲ್ಲೇ ನಿಂತು ಓದಬೇಕು. ಪರವಾನಗಿ ಎರಡು ವರ್ಷದ್ದಿದ್ದು ಮುದ್ರೆಯಲ್ಲಿ ಮೂರು ತಿಂಗಳು ಅಂತ ಬಿದ್ದಿದ್ದರೆ ಕೌಂಟರಿನ ಮುಂದೆ ಇರುವಾಗಲೇ ಹೇಳುವುದು ಸುಲಭ, ಹೊರಗೆ ಬಂದ ಮೇಲೆ ಅದೇ ಕೆಲಸಕ್ಕೆ ಕಚೇರಿ ಅಲೆಯಬೇಕು.

ಆಮೇಲೆ ಸಾಮಾನು, ಅದರ ನಂತರ ಕಸ್ಟಮ್ಸ್. ನಮ್ಮ ಕಡೆಯವರ ಕಥೆ ಬಿಚ್ಚಿಕೊಳ್ಳುವುದೇ ಇಲ್ಲಿ. ಅವನ ಸೂಟ್‌ಕೇಸನ್ನು ಹೊರಡುವ ಮುಂಚಿನ ರಾತ್ರಿ ನಾನೇ ತೂಕ ಮಾಡಿಕೊಟ್ಟೆ. ಒಂದು ಪಂಚೆಯಲ್ಲಿ ಸುತ್ತಿದ ಐವತ್ತು ಖಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಮಾವಿನಕಾಯಿ ಉಪ್ಪಿನಕಾಯಿ, ಒಂದು ಸಣ್ಣ ಪೊಟ್ಟಣ ಗಸಗಸೆ. ಬಟ್ಟೆ ಮೂರು ಜೊತೆ. ಉಳಿದದ್ದೆಲ್ಲ ಅಡುಗೆಮನೆ.

ಗಸಗಸೆಯನ್ನು ನಾನೇ ತೆಗೆಸಿದೆ. ನಮಗೆ ಅದು ಪಾಯಸ. ದುಬೈ, ದೋಹಾ ಕಡೆ ಅದು ಅಫೀಮಿನ ಗಿಡದ ಬೀಜ ಎಂಬ ಲೆಕ್ಕದಲ್ಲಿ ನಿಷಿದ್ಧ. ಇವನ ವಿಮಾನ ನೇರ ಹೋಗುವಂಥದ್ದು ನಿಜ, ಆದರೆ ಟಿಕೆಟ್ ಬದಲಾಗಿ ಗಲ್ಫ್ ಮೇಲೆ ಹೋಗುವ ಪ್ರಸಂಗ ಬಂದರೆ ಪಾಯಸದ ಆಸೆಗೆ ಪೊಲೀಸ್ ಠಾಣೆ ಕಾಣಬೇಕಾಗುತ್ತದೆ. ಎರಡನೆಯದು ಪ್ಲಾಸ್ಟಿಕ್ ಕ್ಯಾರಿಬ್ಯಾಗು. ಅವನ ತಾಯಿ ಪ್ರತಿಯೊಂದು ಡಬ್ಬಿಯನ್ನೂ ಎರಡೆರಡು ಕ್ಯಾರಿಬ್ಯಾಗಿನಲ್ಲಿ ಸುತ್ತಿದ್ದರು, ಎಣ್ಣೆ ಸೋರಬಾರದು ಅಂತ. ಕೆನ್ಯಾದಲ್ಲಿ 2017ರ ಆಗಸ್ಟ್‌ನಿಂದ ಅವು ನಿಷಿದ್ಧ, ದಂಡವೂ ಜೋರು. ಎಲ್ಲ ಬಿಚ್ಚಿ ಹಳೆಯ ಧೋತರದ ತುಂಡಿನಲ್ಲಿ ಕಟ್ಟಿದೆವು. ತಾಯಿ "ಎಂಥಾ ದೇಶನಪ್ಪಾ, ಒಂದು ಚೀಲಕ್ಕೂ ಕಾನೂನು" ಅಂದರು.

ಆಹಾರದ ವಿಷಯದಲ್ಲಿ ಒಂದೊಂದು ದೇಶಕ್ಕೂ ಒಂದೊಂದು ಕಟ್ಟಳೆ. ಬೀಜ, ಹಸಿ ಹಣ್ಣು, ಹಾಲಿನ ಪದಾರ್ಥ, ಮಾಂಸ ಇವುಗಳ ಮೇಲೆ ಕಣ್ಣು ಹೆಚ್ಚು. ಬೀಜದ ಜೊತೆ ಹುಳ, ಬೆಳೆಯ ರೋಗ ಬರುತ್ತದೆ ಎಂಬ ಭಯ ಅವರಿಗೆ. ನಮ್ಮ ತುಂಗಭದ್ರಾ ಅಚ್ಚುಕಟ್ಟಿನ ರೈತರಿಗೆ ಹೊರಗಿನಿಂದ ಬಂದ ಪೀಡೆ ಅಂದರೆ ಏನು ಅಂತ ವಿವರಿಸಬೇಕಿಲ್ಲ, ಪಾರ್ಥೇನಿಯಂ ಕಳೆಯೊಂದೇ ಸಾಕು. ನ್ಯೂಜಿಲೆಂಡಿನಲ್ಲಿ ತಂದ ತಿಂಡಿಯನ್ನು ಫಾರಂನಲ್ಲಿ ತೋರಿಸದೆ ಹೋದರೆ ಸ್ಥಳದಲ್ಲೇ 400 ಡಾಲರ್ ದಂಡ. ಆದರೆ ತೋರಿಸಿದವನಿಗೆ ದಂಡವಿಲ್ಲ. ಹೆಚ್ಚೆಂದರೆ ಪೊಟ್ಟಣ ಕಸದ ಡಬ್ಬಿಗೆ ಹೋಗುತ್ತದೆ. ಇದು ನಾನು ಎಲ್ಲರಿಗೂ ಹೇಳುವ ಮಾತು: ಮುಚ್ಚಿಡಬೇಡಿ, "ಐತಿ" ಅಂತ ಬರೆಯಿರಿ.

ಕಾಗದವಿಲ್ಲದೆ ಹೋದವರು

ಕರೆಸಿಕೊಂಡವರ ಪತ್ರ ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆಯೊಂದಿದೆ, ಆದರೆ ಈ ಭಾಗವನ್ನು ಯಾರೂ ಹೇಳುವುದಿಲ್ಲ. ಸ್ವಾಮಿ ವಿವೇಕಾನಂದರು 1893ರ ಮೇ 31ರಂದು ಬೊಂಬಾಯಿಯಿಂದ ಹಡಗು ಹತ್ತಿದರು. ಆಗ ಅವರಿಗೆ ಮೂವತ್ತು ವರ್ಷ. ಜಪಾನಿನ ಮೇಲೆ ಹಾದು ಜುಲೈ ಕೊನೆಯಲ್ಲಿ ಶಿಕಾಗೋ ಮುಟ್ಟಿದಾಗ ತಿಳಿದದ್ದು ಎರಡು ಸುದ್ದಿ. ಸರ್ವಧರ್ಮ ಸಮ್ಮೇಳನ ಶುರುವಾಗುವುದು ಸೆಪ್ಟೆಂಬರಿನಲ್ಲಿ, ಮತ್ತು ಮಾನ್ಯತೆ ಇರುವ ಸಂಸ್ಥೆಯ ಪತ್ರವಿಲ್ಲದೆ ಪ್ರತಿನಿಧಿಯಾಗಲು ಸಾಧ್ಯವಿಲ್ಲ. ಅವರನ್ನು ಕಳಿಸಿದ್ದು ಮದ್ರಾಸಿನ ಶಿಷ್ಯರು, ರಾಜಸ್ಥಾನದ ಖೇತ್ರಿಯ ಮಹಾರಾಜರು. ಪ್ರೀತಿಯಿಂದ ಹಣ ಕೂಡಿಸಿದರೇ ಹೊರತು ಪತ್ರ ಕೊಡುವ ಸಂಸ್ಥೆ ಯಾವುದೂ ಹಿಂದೆ ಇರಲಿಲ್ಲ. ರಾಮಕೃಷ್ಣ ಮಿಷನ್ ಹುಟ್ಟಿದ್ದೇ ಆಮೇಲೆ, 1897ರಲ್ಲಿ. ಶಿಕಾಗೋ ದುಬಾರಿಯಾಗಿ ಬಾಸ್ಟನ್ ಕಡೆ ಹೋದರು. ಅಲ್ಲಿ ಹಾರ್ವರ್ಡಿನ ಪ್ರೊಫೆಸರ್ ಜಾನ್ ಹೆನ್ರಿ ರೈಟ್ ಪರಿಚಯವಾಗಿ ಶಿಫಾರಸು ಪತ್ರ ಬರೆದುಕೊಟ್ಟರು. ಅದನ್ನು ಹಿಡಿದು ಮತ್ತೆ ಶಿಕಾಗೋಗೆ ಬಂದರೆ ಹೋಗಬೇಕಾದ ವಿಳಾಸವೇ ಕಳೆದುಹೋಗಿತ್ತು. ಆ ರಾತ್ರಿ ಮಲಗಿದ್ದು ರೈಲ್ವೆ ಯಾರ್ಡಿನ ಗೂಡ್ಸ್ ಬೋಗಿಯೊಂದರಲ್ಲಿ. ಮರುದಿನ ಬೀದಿಯಲ್ಲಿ ದಣಿದು ಕೂತಿದ್ದವರನ್ನು ಎದುರು ಮನೆಯ ಶ್ರೀಮತಿ ಹೇಲ್ ಒಳಗೆ ಕರೆದು ಊಟ ಹಾಕಿ ಸಮ್ಮೇಳನದ ಕಚೇರಿಗೆ ಕರೆದೊಯ್ದರು. "ಯಾರ ಮನಿಗೆ ಬಂದೀರಿ?" ಎಂಬ ಪ್ರಶ್ನೆಗೆ ಅವರಿಗೆ ಉತ್ತರ ಸಿಕ್ಕಿದ್ದು ಬಂದು ಆರು ವಾರ ಕಳೆದ ಮೇಲೆ.

ಬಳ್ಳಾರಿಗೆ ಬಂದವನ ಕಥೆ ಇದಕ್ಕೆ ತಿರುಗುಮುರುಗು. ಲಂಡನ್ ಮಿಷನರಿ ಸೊಸೈಟಿ 1795ರಲ್ಲಿ ಆದ ಸಂಸ್ಥೆ. ಅದು ಕಳಿಸಿದ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದರು. ಕಳಿಸಿದವರಿದ್ದರು, ಆದರೆ ಬಾಗಿಲು ಅರ್ಧ ಮುಚ್ಚಿತ್ತು. ಈಸ್ಟ್ ಇಂಡಿಯಾ ಕಂಪನಿಗೆ ಆಗ ಮಿಷನರಿಗಳೆಂದರೆ ತಲೆನೋವು. ವ್ಯಾಪಾರಕ್ಕೆ, ಆಳ್ವಿಕೆಗೆ ಧರ್ಮದ ಗಲಾಟೆ ಅಡ್ಡ ಬಂದೀತು ಅಂತ ಅಂಜಿಕೆ. 1813ರ ಚಾರ್ಟರ್ ಕಾಯ್ದೆ ಬಂದ ಮೇಲೆ ಲೈಸೆನ್ಸ್ ಪಡೆದು ಬರುವ ದಾರಿ ತೆರೆಯಿತು, ಆ ಲೈಸೆನ್ಸಿನ ಕಟ್ಟೂ ಹೋದದ್ದು 1833ರಲ್ಲಿ. ಈಗಿನ ಮಿಷನರಿ ವೀಸಾದ ಅಜ್ಜ ಆ ಲೈಸೆನ್ಸು ಅಂದರೂ ತಪ್ಪಿಲ್ಲ.

ಹ್ಯಾಂಡ್ಸ್ ಬಂದಿಳಿದಾಗ ಕನ್ನಡ ಕಲಿಯಲಿಕ್ಕೆ ಅಚ್ಚಾದ ಒಂದು ವ್ಯಾಕರಣವೂ ಇಂಗ್ಲಿಷ್‌ನಲ್ಲಿ ಇರಲಿಲ್ಲ. ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಬಂಗಾಳದ ಶ್ರೀರಾಮಪುರದಲ್ಲಿ ಅಚ್ಚಾದದ್ದು 1817ಕ್ಕೆ. ಹ್ಯಾಂಡ್ಸ್ ಜೊತೆ ಬಳ್ಳಾರಿಯಲ್ಲಿ ಕೆಲಸ ಮಾಡಿದ ವಿಲಿಯಂ ರೀವ್ ಮಾಡಿದ ಇಂಗ್ಲಿಷ್-ಕನ್ನಡ ನಿಘಂಟು ಬಂದದ್ದು 1824ಕ್ಕೆ. ಅಂದರೆ ಕಲಿಸಿದವರು ಇಲ್ಲಿಯ ಮುನ್ಷಿಗಳು, ಇಲ್ಲಿಯ ಸಂತೆ. ಇಡೀ ಬೈಬಲ್ಲು ಕನ್ನಡಕ್ಕೆ ಬರಲು 1831ರವರೆಗೆ ಕಾಯಬೇಕಾಯಿತು. ಮುಂದೆ ಬಳ್ಳಾರಿಯಲ್ಲೇ ಮಿಷನ್ ಅಚ್ಚುಕೂಟ ನಡೆಯಿತು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರಲ್ಲಿ ಕಲ್ಲಚ್ಚಿನಲ್ಲಿ ಶುರುವಾಗಿ, ಮರುವರ್ಷ 'ಕನ್ನಡ ಸಮಾಚಾರ' ಅಂತ ಹೆಸರು ಬದಲಿಸಿ ಮೊಳೆಯಚ್ಚಿಗಾಗಿ ನಮ್ಮೂರಿಗೇ ಬಂತು.

ಹೊರಬಾಗಿಲಲ್ಲಿ ನಿಂತವರು

ಕಸ್ಟಮ್ಸ್ ದಾಟಿ ಗಾಜಿನ ಬಾಗಿಲು ತೆರೆದರೆ ಹೆಸರಿನ ಬೋರ್ಡು ಹಿಡಿದು ಯಾರೋ ನಿಂತಿರಬೇಕು. ಮೊದಲ ದಿನದ ಅತಿ ದೊಡ್ಡ ಸಮಾಧಾನ ಅದೇ. ಸಂಸ್ಥೆಗಳು ಇದನ್ನು ಎಷ್ಟು ಗಂಭೀರವಾಗಿ ತೆಗೆದುಕೊಳ್ಳುತ್ತವೆ ಅನ್ನುವುದಕ್ಕೆ ಲ್ಯಾಟರ್ ಡೇ ಸೇಂಟ್ಸ್ ಅಥವಾ ಮಾರ್ಮನ್ ಎಂಬ ಅಮೆರಿಕದ ಸಭೆಯನ್ನು ನೋಡಬೇಕು. ಬೆಂಗಳೂರಿನಲ್ಲಿ ಬಿಳಿ ಅಂಗಿ, ಕರಿ ಹೆಸರುಪಟ್ಟಿ ಹಾಕಿ ಇಬ್ಬಿಬ್ಬರೇ ಓಡಾಡುವ ಹುಡುಗರನ್ನು ಕಂಡಿದ್ದರೆ ಅವರು ಈ ಸಭೆಯವರು. ಗಂಡುಹುಡುಗರು ಹದಿನೆಂಟಕ್ಕೇ ಹೊರಡಬಹುದು, ಅವಧಿ ಎರಡು ವರ್ಷ. ಇಳಿದ ದಿನ ಆ ಪ್ರಾಂತ್ಯದ ಮುಖ್ಯಸ್ಥರು ಮತ್ತು ಅವರ ಹೆಂಡತಿ ಬರಮಾಡಿಕೊಳ್ಳುತ್ತಾರೆ, ಊಟ, ಸ್ವಲ್ಪ ಮಾತುಕತೆ, ನಿದ್ದೆ. ಅನುಭವ ಇರುವ ಒಬ್ಬನ ಜೊತೆ ಜೋಡಿ ಹಾಕುತ್ತಾರೆ. ಊಟ, ತಿರುಗಾಟ, ಕೆಲಸ ಎಲ್ಲ ಜೋಡಿಯಲ್ಲೇ. ಮನೆಗೆ ಫೋನ್ ಮಾಡುವುದಕ್ಕೆ ಹಿಂದೆ ವರ್ಷಕ್ಕೆ ಎರಡೇ ಸಲ ಅವಕಾಶ ಇತ್ತು, ಕ್ರಿಸ್‌ಮಸ್ ಮತ್ತು ತಾಯಂದಿರ ದಿನ. 2019ರ ಫೆಬ್ರುವರಿಯಿಂದ ವಾರಕ್ಕೊಮ್ಮೆ ಮಾಡಬಹುದು. ಇದನ್ನು ನಮ್ಮ ಹುಡುಗನ ತಾಯಿಗೆ ಹೇಳಿದಾಗ "ವರ್ಷಕ್ಕ ಎರಡ?" ಅಂತ ಬಾಯಿ ಮೇಲೆ ಕೈ ಇಟ್ಟುಕೊಂಡರು.

ಬೇರೆ ಸಭೆಗಳಲ್ಲಿ ಇಷ್ಟು ಬಿಗಿ ಇಲ್ಲ. ಆದರೆ ಮೊದಲ ದಿನ ಯಾರೂ ಪ್ರವಚನಕ್ಕೆ ಕಳಿಸುವುದಿಲ್ಲ. ಸಿಮ್ ಕೊಳ್ಳುವುದು, ಅದಕ್ಕೆ ಪಾಸ್‌ಪೋರ್ಟ್ ತೋರಿಸುವುದು, ಹಣ ಬದಲಾಯಿಸುವುದು, ಮಲಗುವ ಕೋಣೆ ನೋಡುವುದು, ಇದರಲ್ಲೇ ಸಂಜೆಯಾಗುತ್ತದೆ. ಕೆನ್ಯಾದಲ್ಲಿ ನಮ್ಮ ಫೋನ್‌ಪೇ ಇದ್ದ ಹಾಗೆ ಎಂ-ಪೆಸಾ ಇದೆ. 2007ರಲ್ಲೇ ಬಂತು, ನಮಗಿಂತ ಬಹಳ ಮುಂಚೆ. ಕೀಪ್ಯಾಡ್ ಮೊಬೈಲಿನಲ್ಲೂ ನಡೆಯುತ್ತದೆ.

ಮುಂದಿನ ವಾರಗಳಲ್ಲಿ ಸ್ಥಳೀಯ ನೋಂದಣಿ. ಕೆನ್ಯಾದಲ್ಲಿ 90 ದಿನಕ್ಕಿಂತ ಹೆಚ್ಚು ಇರುವವರು ವಿದೇಶಿಯರ ಗುರುತಿನ ಕಾರ್ಡು ಮಾಡಿಸಬೇಕು. ಜರ್ಮನಿಯಲ್ಲಿ ಮನೆ ಸೇರಿದ ಎರಡು ವಾರದೊಳಗೆ ಮುನಿಸಿಪಾಲಿಟಿಗೆ ಹೋಗಿ ವಿಳಾಸ ಬರೆಸಬೇಕು, ಮನೆ ಮಾಲೀಕನ ಸಹಿಯ ಕಾಗದವೂ ಬೇಕು. ಇಟಲಿಯಲ್ಲಿ ಎಂಟು ಕೆಲಸದ ದಿನದೊಳಗೆ ವಾಸದ ಪರವಾನಗಿಗೆ ಅರ್ಜಿ, ಅದೂ ಪೋಸ್ಟ್ ಆಫೀಸಿನ ಮೂಲಕ.

ಗಡಿಯಾರವೇ ಬೇರೆ

ಹವೆ ಮೊದಲು ಅಚ್ಚರಿ ಕೊಡುತ್ತದಂತೆ. ಆಫ್ರಿಕಾ ಅಂದರೆ ಬೆಂಕಿ ಅಂದುಕೊಂಡು ಹೋದ ಬಳ್ಳಾರಿಯವನಿಗೆ ನೈರೋಬಿಯಲ್ಲಿ ಸ್ವೆಟರ್ ಬೇಕಾಯಿತು. ಊರು ಸಮುದ್ರ ಮಟ್ಟದಿಂದ ಸುಮಾರು 1,700 ಮೀಟರ್ ಎತ್ತರದಲ್ಲಿದೆ. ಊಟ ಅಷ್ಟು ಪರಕೀಯವಲ್ಲ. ಉಗಾಲಿ ಅಂದರೆ ಮೆಕ್ಕೆಜೋಳದ ಹಿಟ್ಟಿನ ಮುದ್ದೆ, ನಮ್ಮ ಜೋಳದ ಸಂಗಟಿಯ ಬಿಳಿ ತಮ್ಮ. ಚಪಾತಿಗೆ ಚಪಾತಿ ಅಂತಲೇ, ಚಹಾಕ್ಕೆ ಚಾಯ್ ಅಂತಲೇ ಅನ್ನುತ್ತಾರೆ. 1896ರಿಂದ ಮೊಂಬಾಸಾದ ರೈಲು ಹಾದಿ ಹಾಕಲು ಬ್ರಿಟಿಷರು ಕರೆದೊಯ್ದ ಭಾರತದ ಕೂಲಿಗಳು, ಅವರ ಹಿಂದೆ ಹೋದ ವ್ಯಾಪಾರಿಗಳು ಆ ನೆಲದಲ್ಲಿ ಬಿಟ್ಟ ಗುರುತುಗಳಲ್ಲಿ ಚಪಾತಿಯೂ ಒಂದು.

ತಬ್ಬಿಬ್ಬು ಮಾಡುವುದು ಸಮಯ. ನಮಗಿಂತ ಅವರು ಎರಡೂವರೆ ತಾಸು ಹಿಂದೆ, ಅದು ಲೆಕ್ಕ ಹಾಕಿದರೆ ಆಯಿತು. ಆದರೆ ಸ್ವಾಹಿಲಿ ಮಾತಿನಲ್ಲಿ ತಾಸು ಎಣಿಸುವುದು ಮಧ್ಯರಾತ್ರಿಯಿಂದಲ್ಲ, ಹೊತ್ತು ಹುಟ್ಟಿದಾಗಿನಿಂದ. ಬೆಳಿಗ್ಗೆ ಏಳು ಗಂಟೆಗೆ 'ಸಾ ಮೋಜಾ' ಅನ್ನುತ್ತಾರೆ, ಅಂದರೆ ಒಂದನೇ ತಾಸು. ಎಂಟಕ್ಕೆ 'ಸಾ ಮ್ಬಿಲಿ', ಎರಡನೇ ತಾಸು. ಸಮಭಾಜಕದ ಹತ್ತಿರದ ದೇಶ, ವರ್ಷವಿಡೀ ಹೆಚ್ಚುಕಡಿಮೆ ಆರಕ್ಕೇ ಬೆಳಗಾಗುತ್ತದೆ, ಹಾಗಾಗಿ ಆ ಲೆಕ್ಕ ತಪ್ಪುವುದಿಲ್ಲ. ಕೈಗಡಿಯಾರ, ಮೊಬೈಲ್ ಮಾತ್ರ ನಮ್ಮಂತೆಯೇ ಏಳು, ಎಂಟು ತೋರಿಸುತ್ತವೆ. ಗಡಿಯಾರ ಒಂದು ಹೇಳುತ್ತದೆ, ಬಾಯಿ ಇನ್ನೊಂದು. ನಮ್ಮ ಹಿರಿಯರೂ "ಹೊತ್ತು ಮುಳುಗಿ ಎರಡು ತಾಸಿಗೆ ಬಂದ" ಅಂತಲೇ ಹೇಳುತ್ತಿದ್ದರಲ್ಲ, ಅದೇ ಲೆಕ್ಕ.

ಇನ್ನೊಂದು, ನಮಸ್ಕಾರ. ಹಿರಿಯರು ಎದುರಾದರೆ ಕಿರಿಯರು 'ಶಿಕಮೂ' ಅನ್ನಬೇಕು. 'ನಿಮ್ಮ ಪಾದ ಹಿಡಿದೆ' ಎಂಬುದು ಅದರ ಮೂಲ ಅರ್ಥ ಅಂತ ವಿವರಿಸುತ್ತಾರೆ. ಹಿರಿಯರು 'ಮರಹಬಾ' ಅಂತ ಒಪ್ಪಿಸಿಕೊಳ್ಳುತ್ತಾರೆ. ಶರಣ್ರೀ ಅಂದರೆ ಶರಣಪ್ಪಾ ಅಂದ ಹಾಗೆ. ಇದೊಂದನ್ನು ವಿಮಾನದಲ್ಲೇ ಬಾಯಿಪಾಠ ಮಾಡಿಕೊಂಡು ಹೋದವನಿಗೆ ಮೊದಲ ದಿನ ಅರ್ಧ ಗೆದ್ದ ಹಾಗೆ. ಹೊಸ ಮಿಷನರಿಯನ್ನು ಸಾಮಾನ್ಯವಾಗಿ ಕೆಲವು ತಿಂಗಳು ಬರೀ ಭಾಷೆ ಕಲಿಯಲು ಕೂರಿಸುತ್ತಾರೆ. ಆ ಅವಧಿಯಲ್ಲಿ ಅವನು ಯಾರಿಗೂ ಏನನ್ನೂ ಕಲಿಸುವುದಿಲ್ಲ. ಅಂಗಡಿಯವನಿಂದ, ಅಡುಗೆಯವಳಿಂದ, ಸಣ್ಣ ಮಕ್ಕಳಿಂದ ತಿದ್ದಿಸಿಕೊಳ್ಳುವುದೇ ಕೆಲಸ.

ನಮ್ಮಲ್ಲಿಗೆ ಬರುವವರಿಗೆ

ನಾವೂ ಕೇಳುತ್ತೇವೆ. ಆನೆಗೊಂದಿ, ಸಾಣಾಪುರದ ಕಡೆ ಹೋಮ್‌ಸ್ಟೇ ನಡೆಸುವವರನ್ನು ವಿಚಾರಿಸಿ. ವಿದೇಶಿಯೊಬ್ಬ ಬಂದು ಉಳಿದರೆ 24 ತಾಸಿನೊಳಗೆ ಅವನ ವಿವರವನ್ನು ಆನ್‌ಲೈನಿನಲ್ಲಿ ತುಂಬಬೇಕು: ಪಾಸ್‌ಪೋರ್ಟ್ ಸಂಖ್ಯೆ, ವೀಸಾ ಸಂಖ್ಯೆ, ಎಲ್ಲಿಂದ ಬಂದ, ಎಲ್ಲಿಗೆ ಹೋಗುತ್ತಾನೆ. ಲಾಡ್ಜು, ಆಶ್ರಮ, ಸ್ವಂತ ಮನೆ ಯಾವುದಕ್ಕೂ ಇದರಿಂದ ವಿನಾಯಿತಿ ಇಲ್ಲ. ಧರ್ಮಕಾರ್ಯಕ್ಕೆ ಬರುವವರಿಗೆ ಭಾರತದಲ್ಲಿ ಮಿಷನರಿ ವೀಸಾ ಎಂಬ ಪ್ರತ್ಯೇಕ ದರ್ಜೆ ಇದೆ. ಪ್ರವಾಸಿ ವೀಸಾದಲ್ಲಿ ಬಂದವರು ದೇವಸ್ಥಾನ, ದರ್ಗಾ, ಚರ್ಚ್ ನೋಡಬಹುದು, ಪ್ರವಚನ ಕೇಳಬಹುದು, ತಾವೇ ಬೋಧನೆಗೆ ಇಳಿಯುವಂತಿಲ್ಲ. 1920, 1939, 1946 ಮತ್ತು 2000ದ ನಾಲ್ಕು ಹಳೆಯ ಕಾಯ್ದೆಗಳ ಜಾಗದಲ್ಲಿ ಈಗ ಒಂದೇ ಕಾಯ್ದೆ, 2025ರ ವಲಸೆ ಮತ್ತು ವಿದೇಶಿಯರ ಕಾಯ್ದೆ, ಆ ವರ್ಷದ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿದೆ.

ಹುಡುಗ ಮುಟ್ಟಿದ ಮರುದಿನ ನನ್ನ ಅಂಗಡಿಯ ವೈ-ಫೈಯಲ್ಲೇ ತಾಯಿ ಮಗ ವಿಡಿಯೋದಲ್ಲಿ ಮಾತಾಡಿದರು. ಕಸ್ಟಮ್ಸಿನವರು ರೊಟ್ಟಿ ಗಂಟು ಬಿಚ್ಚಿಸಿ, ಒಂದನ್ನು ಬೆಳಕಿಗೆ ಹಿಡಿದು ನೋಡಿ, ಟಕಟಕ ತಟ್ಟಿ, ಇದು ತಿನ್ನುವುದೇ ಅಂತ ಕೇಳಿದರಂತೆ. ಇವನು ಅಲ್ಲೇ ಮುರಿದು ತಿಂದು ತೋರಿಸಿದ. ನಕ್ಕು ಬಿಟ್ಟರಂತೆ. ಬೆಳಿಗ್ಗೆ 'ಸಾ ಮ್ಬಿಲಿ'ಗೆ ತಯಾರಾಗಿರು ಅಂದಿದ್ದಕ್ಕೆ ಎರಡು ಗಂಟೆ ಅಂದುಕೊಂಡು ನಡುರಾತ್ರಿ ಎದ್ದು, ಸ್ನಾನ ಮಾಡಿ, ಬೂಟು ಹಾಕಿ ಆರು ತಾಸು ಕಾದು ಕೂತಿದ್ದ.

"ಯಾರ ಮನ್ಯಾಗದೀ?" ಅಂತ ತಾಯಿ ಕೇಳಿದರು. ಅವನು ಫೋನ್ ತಿರುಗಿಸಿ ಅಡುಗೆಮನೆಯಲ್ಲಿ ಉಗಾಲಿ ತಿರುವುತ್ತಿದ್ದ ಹೆಂಗಸನ್ನು ತೋರಿಸಿದ. ಆಕೆ ಕೈಯೆತ್ತಿ "ಕರೀಬು" ಅಂದರು.

"ಏನಂತಾಳ ಆಕಿ?"

"ಬರ್ರಿ ಅಂತಾಳಬೇ."